ಪೆನ್ಸಿಲ್ಲಿನಲ್ಲಿ ಬರೆದ ಹೆಸರು

ಚಿತ್ರದುರ್ಗ
14 ಜನವರಿ 2025

ಗೌರವಾನ್ವಿತ ಹೇಮಾವತಿ ಅಮ್ಮನವರಿಗೆ,

ಇಂದು ಎರಡು ಸಾವಿರದ ಇಪ್ಪತ್ತೈದನೆಯ ಇಸವಿಯ ಜನವರಿ ಹದಿನಾಲ್ಕು. ಈ ಪತ್ರದ ಉದ್ದೇಶ ಒಂದೇ: ತಮಗೆ ವಿಧಿಸಿರುವ ಎರಡು ವರ್ಷಗಳ ಸೆರೆವಾಸವನ್ನು ಕೈಬಿಟ್ಟು, ಸನ್ನಡತೆಯ ಬಾಂಡಿನ ಮೇಲೆ ತಮ್ಮನ್ನು ಬಿಡುಗಡೆ ಮಾಡಬೇಕೆಂದು ಕೋರುವ ಮನವಿಯೊಂದಕ್ಕೆ ತಮ್ಮ ಹುಟ್ಟೂರು ಐಮಂಗಲ, ಧರ್ಮಪುರ ಮತ್ತು ನನ್ನೂರು ಬಿಳಿಗುಂಡಿನಹಟ್ಟಿಯಲ್ಲಿ ಸಹಿ ಸಂಗ್ರಹಿಸಲು ತಮ್ಮ ಒಪ್ಪಿಗೆ ಪಡೆಯುವುದು.

ತಾವು ನನ್ನನ್ನು ಬಲ್ಲಿರೋ ಇಲ್ಲವೋ ತಿಳಿಯದು. ನಮ್ಮೂರ ಶಾಲೆಯಲ್ಲಿ ಏಳನೆಯ ತರಗತಿಗೆ ಮೊದಲಿಗಳಾದ ಹುಡುಗಿಗೆ ತಾವು ಕೊಡುವ ವಿದ್ಯಾರ್ಥಿವೇತನವನ್ನು 2015ರಿಂದ ಪಡೆಯುತ್ತಿರುವವಳು ನಾನು. ಅದರ ನಿಯಮದಂತೆ ಪ್ರತಿ ಸಂಕ್ರಾಂತಿಗೂ ಸ್ವಂತ ಕೈಬರಹದಲ್ಲಿ ತಮಗೊಂದು ಪತ್ರ ಬರೆಯುತ್ತ ಬಂದಿದ್ದೇನೆ. ಇದು ಹತ್ತನೆಯದು. ಯಾವುದಕ್ಕೂ ಉತ್ತರ ಬಂದಿಲ್ಲ. ಉತ್ತರ ಬರಬೇಕೆಂಬ ನಿಯಮವೂ ಇರಲಿಲ್ಲ. ಈಗ ಕಾನೂನು ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ಎಂಟು ಸೆಮಿಸ್ಟರುಗಳಲ್ಲಿಯೂ ತರಗತಿಗೆ ಪ್ರಥಮ. ಇದನ್ನು ಹೇಳುತ್ತಿರುವುದು ಜಂಬಕ್ಕಲ್ಲ; ಮನವಿಯ ಕರಡನ್ನು ಬರೆಯಲು ನಾನು ಅರ್ಹಳೆಂದು ತಿಳಿಸುವುದಕ್ಕೆ.

ತಾವು ಮಾಡಿದ್ದು ಅಪರಾಧವಲ್ಲವೆಂದು ನಾನು ವಾದಿಸುವುದಿಲ್ಲ. ಹಳ್ಳಿಯ ಶಾಲೆಯಲ್ಲಿ ಏಳರವರೆಗೆ ಓದಿದವರಿಗೆಂದು ಖಾಸಗಿ ವೈದ್ಯಕೀಯ ಕಾಲೇಜೊಂದು ತೆಗೆದಿರಿಸಿದ್ದ ಸೀಟನ್ನು ಬೆಂಗಳೂರಿನಲ್ಲಿ ಓದಿದ ತಮ್ಮ ಮಗಳು ದಿವ್ಯಾ ಅವರಿಗೆ ಕೊಡಿಸಲು, 2020ರಲ್ಲಿ ನಮ್ಮ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಅವರ ಹೆಸರನ್ನು ಸೇರಿಸಿ ಪ್ರಮಾಣಪತ್ರ ಪಡೆದಿರಿ. ಬರೆದುಕೊಟ್ಟ ನಮ್ಮ ಜಂಪಣ್ಣ ಮೇಷ್ಟ್ರಿಗೂ ಒಂದು ವರ್ಷದ ಶಿಕ್ಷೆಯಾಗಿದೆ. ತೀರ್ಪನ್ನು ನಾನು ಮೊದಲಿನಿಂದ ಕೊನೆಯವರೆಗೆ ಎರಡು ಬಾರಿ ಓದಿದ್ದೇನೆ.

ಆದರೆ ಶಿಕ್ಷೆ ಯಾವುದಿರಬೇಕು ಎಂಬುದು ಬೇರೆಯ ಪ್ರಶ್ನೆ. ಹೋದ ತಿಂಗಳು ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ನಡೆಯಿತು. ಹಣವೂ ಹೆಸರೂ ಉಳ್ಳವರು ಕಾಗದಪತ್ರದ ಮೂಲಕ ಎಸಗಿದ ಅಪರಾಧಕ್ಕೆ ಸೆರೆಮನೆಯೇ ಬೇಕೇ ಎಂಬುದು ವಿಷಯ. ಎಲ್ಲರ ಮನಸ್ಸಿನಲ್ಲಿಯೂ ಚಿತ್ರನಟಿಯಾದ ತಮ್ಮ ಪ್ರಕರಣವೇ ಇತ್ತು. ಹೆಸರು ಮಾತ್ರ ಯಾರೂ ಎತ್ತಲಿಲ್ಲ. ಹೊಸದುರ್ಗದ ಮಾರುತೇಶ್ ನನ್ನ ಎದುರಾಳಿ. "ಸಿನಿಮಾದೋರು ತಪ್ಪು ಮಾಡಿದ್ರೆ ಗಿಡ ನೆಡ್ಸಿ ಮನೆಗೆ ಕಳಿಸಾಣ, ನಮ್ಮೋರು ಮಾಡಿದ್ರೆ ಒಳಗೆ ಹಾಕಾಣ. ಬರ್ಕಳ್ರಿ ಮೇಡಂ" ಎಂದು ಆತ ಹೇಳಿದಾಗ ಸಭೆ ನಕ್ಕಿತು. ನಾನು ನಗಿಸಲಿಲ್ಲ. ಜನರನ್ನು ಕಾಪಾಡಲು ಅಪಾಯಕಾರಿಗಳನ್ನು ಕೂಡಿಹಾಕುತ್ತೇವೆ. ಹೆಸರು, ಕೆಲಸ, ಗೌರವ ಮೂರನ್ನೂ ಈಗಾಗಲೇ ಕಳೆದುಕೊಂಡ ಹೆಣ್ಣುಮಗಳನ್ನು ಕೂಡಿಹಾಕಿ ಯಾರನ್ನು ಕಾಪಾಡುತ್ತೇವೆ ಎಂದು ಕೇಳಿದೆ. ಪಾರಿತೋಷಕ ನನಗೆ ಬಂತು.

ನ್ಯಾಯಾಲಯ ಇಂಥ ಮನವಿಗೆ ಕಿವಿಗೊಡಲೇಬೇಕೆಂದಿಲ್ಲ. ಆದರೂ ತಮ್ಮ ವಕೀಲರು ಅದನ್ನು ಹೈಕೋರ್ಟಿನ ಮೇಲ್ಮನವಿಯೊಂದಿಗೆ ಲಗತ್ತಿಸಬಹುದು. ಕರಡಿನ ಮುಖ್ಯ ವಾಕ್ಯ ಹೀಗಿದೆ: "ಆರೋಪಿಯ ಕೃತ್ಯದಿಂದ ಈ ಭಾಗದ ಯಾವ ವ್ಯಕ್ತಿಗೂ ಹಾನಿಯಾಗಿಲ್ಲ, ಅವರಿಂದ ಈ ಭಾಗಕ್ಕೆ ಆಗಿರುವುದು ಒಳಿತು ಮಾತ್ರ."

ಉತ್ತರವನ್ನು ನಿರೀಕ್ಷಿಸುತ್ತ,
ಬೃಂದಾ


ಬೆಂಗಳೂರು
22 ಜನವರಿ 2025

ಪ್ರೀತಿಯ ಬೃಂದಾ,

ನಿನ್ನ ಕಾಗದವನ್ನು ನಾನು ಮೂರು ಸಲ ಓದಿದೆ, ನಮ್ಮ ವಕೀಲರು ಒಂದು ಸಲ ಓದಿದರು. "ಈ ಹುಡುಗಿ ಯಾರು? ನಮ್ಮ ಆಫೀಸಿಗೆ ಬೇಕು" ಅಂದರು. ಹತ್ತು ಪತ್ರ ಬರೆದಿದ್ದೀ, ಒಂದಕ್ಕೂ ಉತ್ತರ ಕೊಟ್ಟಿಲ್ಲ ಅಂತ ಬೈದಿದ್ದೀ. ಬೈಗುಳ ಅಂತ ಯಾರಿಗೂ ಗೊತ್ತಾಗದ ಹಾಗೆ ಬೈದಿದ್ದೀ. ಆಗ ಕಾಗದಗಳನ್ನು ಮ್ಯಾನೇಜರು ನೋಡುತ್ತಿದ್ದರು ತಾಯಿ. ಈಗ ಮ್ಯಾನೇಜರೂ ಇಲ್ಲ, ಕಾಗದ ಬರೆಯುವವರೂ ಇಲ್ಲ.

ಮಾಡು. ಮಾರ್ಚ್ 17ಕ್ಕೆ ವಿಚಾರಣೆ ಇದೆ. ಅದಕ್ಕೆ ಎರಡು ದಿನ ಮುಂಚೆ ಸಿಕ್ಕರೆ ಸಾಕಂತೆ. ಸಹಿಗಳಲ್ಲಿ ನಿನ್ನದೇ ಮೊದಲಿರಲಿ ಅಂತ ವಕೀಲರು ಒತ್ತಿ ಹೇಳಿದ್ದಾರೆ: ಅದೇ ಶಾಲೆಯಲ್ಲಿ ಓದಿದವಳು, ತರಗತಿಗೇ ಮೊದಲು ಬರುವವಳು, ನನ್ನ ದುಡ್ಡಿನಲ್ಲಿ ಓದಿದವಳು. ಕೊನೆಯದನ್ನು ಬರೆಯುವುದು ಬೇಡ ಅಂತ ನಾನಂದೆ. ಬರೆದರೇ ಬೆಲೆ ಅಂತ ಅವರು. ನೀನೇ ತೀರ್ಮಾನಿಸು. ಏನಿದ್ದರೂ ಕಾಗದದಲ್ಲೇ ಬರೆ, ಫೋನು ಬೇಡ.

ನಾನೇನು ಮಾಡಿದೆ ಅಂತ ನನಗೆ ಗೊತ್ತು. ಆದರೆ ಯಾರ ಅನ್ನವನ್ನೂ ಕಿತ್ತುಕೊಳ್ಳಲಿಲ್ಲ. ಆ ಪುಸ್ತಕದಲ್ಲಿ ಒಂದು ಸಾಲು ಖಾಲಿ ಬಿದ್ದಿತ್ತು, ಅದರಲ್ಲಿ ಬರೆಸಿದೆ. ಕೋರ್ಟೂ ಹಾಗೇ ಹೇಳಿದೆ. ಅದೇ ವರ್ಷ ಶಾಲೆಗೆ ಮೂರು ಕೋಣೆ ಕಟ್ಟಿಸಿಕೊಟ್ಟೆ, ಅವು ಈಗಲೂ ಇವೆ. ದಿವ್ಯಾ ಕಾಲೇಜು ಬಿಟ್ಟು ಎರಡು ವರ್ಷವಾಯಿತು. ಬಾಗಿಲು ಹಾಕಿಕೊಂಡು ಕೂತಿರುತ್ತಾಳೆ. ನಾನು ಬಾಗಿಲು ತಟ್ಟಿ ಊಟ ಇಟ್ಟು ಬರುತ್ತೇನೆ. ಇದಕ್ಕಿಂತ ಬೇರೆ ಜೈಲು ಬೇಕಾ?

ಐಮಂಗಲದಲ್ಲಿ ಹೂವಿನ ಹುಚ್ಚಕ್ಕ ಇದ್ದರೆ ನಾನು ಕೇಳಿದೆ ಅಂತ ಹೇಳು.

ನಿನ್ನ,
ಹೇಮಾವತಿ


ಧರ್ಮಪುರ
9 ಫೆಬ್ರವರಿ 2025

ಗೌರವಾನ್ವಿತ ಹೇಮಾವತಿ ಅಮ್ಮನವರಿಗೆ,

ಮೂರು ವಾರಗಳ ಕೆಲಸದ ವರದಿಯನ್ನು ಒಪ್ಪಿಸುತ್ತಿದ್ದೇನೆ. ಶನಿವಾರ, ಭಾನುವಾರಗಳಂದು ಮಾತ್ರ ಓಡಾಡಲು ಸಾಧ್ಯವಾಗುತ್ತದೆ. ನಿದ್ರೆ ಸರಿಯಾಗಿ ಬರುತ್ತಿಲ್ಲ. ಬಸ್ಸಿನಲ್ಲಿ ಕೂತಾಗಲೂ ಮನವಿಯ ವಾಕ್ಯಗಳನ್ನು ಮನಸ್ಸಿನಲ್ಲಿಯೇ ತಿದ್ದುತ್ತಿರುತ್ತೇನೆ.

ಐಮಂಗಲದಲ್ಲಿ ಒಂದೇ ದಿನಕ್ಕೆ ನೂರ ನಲವತ್ತು ಸಹಿಯಾಯಿತು. ಹುಚ್ಚಕ್ಕನವರು ಹೆದ್ದಾರಿಯ ಬದಿಯಲ್ಲಿ ಈಗಲೂ ಹೂವು ಮಾರುತ್ತಾರೆ. ತಾವು ಕೇಳಿದಿರೆಂದು ತಿಳಿಸಿದೆ. ತಾವು ಹುಡುಗಿಯಾಗಿದ್ದಾಗ ಅವರ ಬುಟ್ಟಿಯಿಂದ ಕನಕಾಂಬರ ಎಗರಿಸಿ, ಸಿಕ್ಕಿಬಿದ್ದಾಗ ಅಲ್ಲೇ ನಿಂತು ಕುಣಿದು ತೋರಿಸಿ ಬಿಡಿಸಿಕೊಂಡ ಕಥೆಯನ್ನು ಸುತ್ತಲಿನವರೆಲ್ಲ ಕೇಳುವಂತೆ ಹೇಳಿದರು. "ಆಗ್ಲೂ ಬಿಟ್ಟೆ, ಈಗ್ಲೂ ಬಿಡ್ತೀನಿ, ತಗಾ ಹೆಬ್ಬೆಟ್ಟು" ಎಂದರು. ಈ ಕಥೆಯನ್ನು ಮನವಿಯಲ್ಲಿ ಸೇರಿಸಿಲ್ಲ.

ಎಲ್ಲರೂ ಹೀಗೆ ಒಪ್ಪಲಿಲ್ಲವೆಂಬುದನ್ನು ಪ್ರಾಮಾಣಿಕವಾಗಿ ತಿಳಿಸಬೇಕು. ಇಲ್ಲಿ ಧರ್ಮಪುರದ ಬಸ್‌ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಮೂಟೆಯ ಮೇಲೆ ಕೂತಿದ್ದ ಪಾಪಣ್ಣ ಎಂಬವರು ನಾನು ಓದಿದ್ದನ್ನು ಕೊನೆಯವರೆಗೆ ತಾಳ್ಮೆಯಿಂದ ಕೇಳಿದರು. ಅವರ ತಮ್ಮ ಪಂಪ್‌ಸೆಟ್ಟಿನ ಕೇಬಲ್ ಕದ್ದು ಎಂಟು ತಿಂಗಳು ಒಳಗಿದ್ದನಂತೆ. "ಅವ್ನಿಗೂ ಸನ್ನಡತೆ ಇತ್ತು ಕಣವ್ವ. ಬರೆಯೋರು ಇರ್ಲಿಲ್ಲ" ಎಂದು ಹೇಳಿ ಬಸ್ಸು ಹತ್ತಿಬಿಟ್ಟರು. ಅದು ನಮ್ಮ ವಿಷಯಕ್ಕೆ ಸಂಬಂಧಿಸಿದ್ದಲ್ಲ. ಕಳ್ಳತನದ ಪ್ರಕರಣಗಳ ಸ್ವರೂಪವೇ ಬೇರೆ. ಇದನ್ನು ಅವರಿಗೆ ವಿವರಿಸಲು ಅವಕಾಶ ಸಿಗಲಿಲ್ಲ.

ಈವರೆಗೆ ಮುನ್ನೂರ ಒಂದು ಸಹಿ. ಮುಂದಿನ ಶನಿವಾರ ಬಿಳಿಗುಂಡಿನಹಟ್ಟಿಯಲ್ಲಿ ಕೂರುತ್ತೇನೆ. ಊರವರೆಲ್ಲ ಹಾಕಿದ ಮೇಲೆ, ಮೇಲೆ ಬಿಟ್ಟಿರುವ ಜಾಗದಲ್ಲಿ ನನ್ನ ಸಹಿಯನ್ನು ಹಾಕುತ್ತೇನೆ.

ವಿಶ್ವಾಸಿ,
ಬೃಂದಾ


ಚಿತ್ರದುರ್ಗ
16 ಫೆಬ್ರವರಿ 2025

ಹೇಮಾವತಿ ಅಮ್ಮನವರಿಗೆ,

ಒಂದು ಪ್ರಶ್ನೆಗೆ ಮಾತ್ರ ಉತ್ತರ ಬೇಕಾಗಿದೆ. ದಾಖಲಾತಿ ಪುಸ್ತಕದ ನಲವತ್ತಮೂರನೆಯ ಸಾಲಿನಲ್ಲಿ ದಿವ್ಯಾ ಅವರ ಹೆಸರನ್ನು ಬರೆಯುವ ಮೊದಲು ಯಾರ ಹೆಸರಿತ್ತು?

ಬೃಂದಾ


ಬೆಂಗಳೂರು
25 ಫೆಬ್ರವರಿ 2025

ಪ್ರೀತಿಯ ಬೃಂದಾ,

ನಿನ್ನ ಎರಡು ಸಾಲಿನ ಕಾಗದ ನೋಡಿ ಹೆದರಿದೆ. ಯಾರೋ ನಿನ್ನ ತಲೆ ಕೆಡಿಸಿದ್ದಾರೆ. ಮೇಷ್ಟ್ರ ಮನೆಯವರಾ? ಅವರು ಒಳಗಿದ್ದಾರೆ, ನಾನು ಜಾಮೀನಿನ ಮೇಲೆ ಹೊರಗಿದ್ದೇನೆ ಅಂತ ಅವರಿಗೆ ಸಂಕಟ ಇರಬಹುದು, ತಪ್ಪಲ್ಲ. ಆದರೆ ನಾನು ತಡೆದಿಲ್ಲ ಮಗಳೇ. ಅಪೀಲಿಗೆ ನಮ್ಮ ವಕೀಲರನ್ನೇ ಕಳಿಸಿದ್ದೆ. ಮೇಷ್ಟ್ರು ವಕಾಲತ್ತಿಗೆ ರುಜು ಹಾಕಲಿಲ್ಲ, ಕಾರಣವನ್ನೂ ಹೇಳಲಿಲ್ಲವಂತೆ.

ಅಲ್ಲಿ ಯಾರ ಹೆಸರೂ ಇರಲಿಲ್ಲ. ಅದು ಖಾಲಿ ಸಾಲು. ಬೇಕಾದರೆ ತೀರ್ಪು ನೋಡು.

ಓಡಾಡಿ ದಣಿದಿದ್ದೀ. ಇನ್ನೊಂದು ವಿಷಯ ಮುಖತಃ ಹೇಳೋಣ ಅಂತಿದ್ದೆ, ಈಗಲೇ ಬರೆಯುತ್ತೇನೆ. ನಮ್ಮ ವಕೀಲರು ತಮಾಷೆಗೆ ಹೇಳಿದ್ದಲ್ಲ. ಜೂನ್ ತಿಂಗಳಿಂದ ಅವರ ಆಫೀಸಿನಲ್ಲಿ ನಿನಗೊಂದು ಕುರ್ಚಿ ಇದೆ. ಹೈಕೋರ್ಟಿನಲ್ಲಿ ಅವರ ಹಿಂದೆ ನಿಲ್ಲುವುದಕ್ಕೆ ಎಷ್ಟೋ ಮಂದಿ ವರ್ಷಗಟ್ಟಲೆ ಕಾಯುತ್ತಾರೆ. ಮೊದಲು ಮನವಿ ಮುಗಿಸಿ ಕಳಿಸು.

ಹೇಮಾವತಿ


ಚಿತ್ರದುರ್ಗ
2 ಮಾರ್ಚ್ 2025

ಹೇಮಾವತಿಯವರಿಗೆ,

ನನ್ನ ತಲೆಯನ್ನು ಯಾರೂ ಕೆಡಿಸಿಲ್ಲ. ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತೇನೆ.

ಫೆಬ್ರವರಿ 15ರಂದು ನಮ್ಮ ಹಟ್ಟಿಯ ಬೇವಿನ ಮರದಡಿ ಕುರ್ಚಿ, ಮೇಜು ಹಾಕಿಸಿಕೊಂಡು ಕೂತಿದ್ದೆ. ಹೆಬ್ಬೆಟ್ಟಿಗೆಂದು ಶಾಯಿಪ್ಯಾಡನ್ನೂ ಇಟ್ಟುಕೊಂಡಿದ್ದೆ. ಮಧ್ಯಾಹ್ನದ ಹೊತ್ತಿಗೆ ಕುರಿ ಸಾಕುವ ಕರಿಸಿದ್ದಪ್ಪನವರ ಮಗಳು ಯಶೋದಾ ಬಂದಳು. ಒಂದರಿಂದ ಏಳರವರೆಗೆ ನನ್ನ ಪಕ್ಕದಲ್ಲಿ ಕೂತು ಓದಿದವಳು. ಆಮೇಲೆ ತಂದೆಯ ಮಂದೆಯೊಂದಿಗೆ ಹೊಳಲ್ಕೆರೆಯ ಕಡೆಗೆ ಹೋದವಳು ಶಾಲೆಗೆ ಮರಳಲಿಲ್ಲ. ಹತ್ತು ವರ್ಷಗಳಲ್ಲಿ ನಾನು ಅವಳನ್ನು ನಾಲ್ಕೈದು ಬಾರಿ ದೂರದಿಂದ ನೋಡಿರಬಹುದು.

ನಾನು ಶಾಯಿಪ್ಯಾಡನ್ನು ಅವಳತ್ತ ಸರಿಸಿದೆ. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು. "ಪೆನ್ನು ಕೊಡೇ ಬೃಂದಿ" ಎಂದಳು. ಸಹಿ ಹಾಕಲಿಲ್ಲ. ಮನವಿಯನ್ನು ಕೈಗೆತ್ತಿಕೊಂಡು ನಿಂತೇ ಓದತೊಡಗಿದಳು. ಮುನ್ನೂರಕ್ಕೂ ಹೆಚ್ಚು ಜನರ ಪೈಕಿ ಅದನ್ನು ಪೂರ್ತಿ ಓದಿದವಳು ಅವಳೊಬ್ಬಳೇ.

"ಯಾವ ವ್ಯಕ್ತಿಗೂ ಹಾನಿ ಆಗಿಲ್ಲ ಅಂತ ಬರೆದೋರು ಯಾರು?"

ನಾನೇ ಎಂದೆ.

"ಚಂದ ಬರ್ದಿದೀಯ. ಮೊದ್ಲಿಂದಾನೂ ನಿನ್ ಅಕ್ಷರ ಚಂದ. ಲೆಕ್ಕ ಒಂದು ಬರ್ತಿರ್ಲಿಲ್ಲ."

ಸುತ್ತಲಿನವರು ನಕ್ಕರು. ಅವಳು ನಗಲಿಲ್ಲ. ಬಗಲಿನ ಚೀಲದಿಂದ ದಾಖಲಾತಿ ಪುಸ್ತಕದ ಪುಟದ ಜೆರಾಕ್ಸ್ ಹಾಳೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟಳು.

ಹಟ್ಟಿಯ ಅಂಗನವಾಡಿಯಲ್ಲಿ ಸಹಾಯಕಿಯ ಕೆಲಸ ಖಾಲಿಯಿದೆ. ಅರ್ಜಿಗೆ ಮಾರ್ಚ್ 31 ಕೊನೆಯ ದಿನ. ಓದಿದ ಪ್ರಮಾಣಪತ್ರ ಬೇಕು. ಅದಕ್ಕಾಗಿಯೇ ಅವಳು ಮಂದೆಯನ್ನು ತಂದೆಗೆ ಬಿಟ್ಟು ಊರಿಗೆ ಬಂದಿದ್ದಾಳೆ. ಈಗಿನ ಮುಖ್ಯೋಪಾಧ್ಯಾಯಿನಿಯವರು ಪುಸ್ತಕದ ಪ್ರತಿಯನ್ನು ತೆರೆದು ಹುಡುಕಿದ್ದಾರೆ. ನಲವತ್ತೆರಡು ಬೃಂದಾ. ನಲವತ್ತನಾಲ್ಕು ಬೀರೇಶ್. ನಡುವೆ ದಿವ್ಯಾ; ಅದರ ಮೇಲೆ ನ್ಯಾಯಾಲಯದ ಆದೇಶದಂತೆ ಎಳೆದ ಗೆರೆ. ಯಶೋದಾ ಎಂಬ ಹೆಸರು ಎಲ್ಲಿಯೂ ಇಲ್ಲ.

"ನೀನು ಈ ಸ್ಕೂಲಲ್ಲಿ ಓದೇ ಇಲ್ಲ ಅಂದ್ರು. ಮಗ್ಗಿ ಹೇಳ್ಲಾ ಅಂದೆ. ಬ್ಯಾಡ, ದಾಖ್ಲೆ ತಾ ಅಂದ್ರು."

ನಾವಿಬ್ಬರೂ ಒಂದೇ ದಿನ ಶಾಲೆಗೆ ಸೇರಿದವರು. ನನ್ನ ಕೆಳಗಿನ ಸಾಲು ಅವಳದು. ತೀರ್ಪಿನ ಹದಿನೆಂಟನೆಯ ಪುಟದಲ್ಲಿ "ಬೃಂದಾ ಮತ್ತು ಬೀರೇಶ್ ಎಂಬ ಹೆಸರುಗಳ ನಡುವಿನ ಖಾಲಿ ಸಾಲಿನಲ್ಲಿ" ಎಂದು ಬರೆದಿದೆ. ಅದನ್ನು ನಾನು ಎರಡು ಬಾರಿ ಓದಿದ್ದೆ, ನನ್ನ ಹೆಸರು ಹೈಕೋರ್ಟಿನ ಮುಂದೆ ಹೋಗುತ್ತದೆಂದು ಸಂತೋಷಪಟ್ಟಿದ್ದೆ. ನಡುವೆ ಯಾರಿದ್ದರೆಂದು ಕೇಳಿಕೊಳ್ಳಲಿಲ್ಲ.

ಸಾಲು ಖಾಲಿಯಾಗಿ ಕಂಡದ್ದು ಹೇಗೆಂಬುದನ್ನು ನಮ್ಮ ಹಟ್ಟಿಯ ಯಾರೇ ಆದರೂ ಹೇಳಬಲ್ಲರು. ಕುರಿಯ ಹಿಂದೆ ಹೋಗುವ ಮಕ್ಕಳು ಯಾವಾಗ ಬರುತ್ತಾರೆ, ಬಂದಾಗ ಯಾವ ತರಗತಿಗೆ ಕೂರುತ್ತಾರೆ ಎಂಬುದು ತಿಳಿಯದು. ಶಾಯಿಯಲ್ಲಿ ಬರೆದ ಹೆಸರನ್ನು ಗೈರುಹಾಜರಿಗಾಗಿ ಒಮ್ಮೆ ಹೊಡೆದುಹಾಕಿದರೆ ಮತ್ತೆ ಸೇರಿಸಲು ಹಿರಿಯೂರಿನ ಕಚೇರಿಗೆ ಅಲೆಯಬೇಕು. ಆದ್ದರಿಂದ ಜಂಪಣ್ಣ ಮೇಷ್ಟ್ರು ಆ ಮಕ್ಕಳ ಹೆಸರುಗಳನ್ನು ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದರು. ಆರು ತಿಂಗಳ ನಂತರ ಬಂದ ಮಗುವೂ ಏನೂ ಆಗದಂತೆ ಬಂದು ಕೂರುತ್ತಿತ್ತು. ಅದನ್ನು ನಾವೆಲ್ಲ ಮೇಷ್ಟ್ರ ದೊಡ್ಡತನವೆಂದೇ ತಿಳಿದಿದ್ದೆವು. ಈಗಲೂ ಹಾಗೆಯೇ ತಿಳಿದಿದ್ದೇನೆ.

ಕಳೆದ ಸೋಮವಾರ ಮೇಷ್ಟ್ರನ್ನು ಇಲ್ಲಿನ ಕಾರಾಗೃಹದಲ್ಲಿ ಭೇಟಿ ಮಾಡಿದೆ. ಬಿಳಿ ಅಂಗಿಯಲ್ಲಿ ಮತ್ತಷ್ಟು ಕುಗ್ಗಿದ್ದಾರೆ. ನನ್ನ ಓದಿನ ಬಗ್ಗೆ ಕೇಳಿದರು, ನಾನು ಯಶೋದಾಳ ಬಗ್ಗೆ ಕೇಳಿದೆ. ಅವರು ಜಾಲರಿಗೆ ಕೈಯೂರಿ ನಿಂತರು.

"ಅಳಿಸುವಾಗ ಹೆಸ್ರು ನೋಡ್ಲಿಲ್ಲ ಅಂದ್ರೆ ಸುಳ್ಳಾಗ್ತೈತೆ ಕಣವ್ವ. ನೋಡಿದೆ. ಅವ್ಳು ಇನ್ನು ಬರಾಕಿಲ್ಲ ಅನ್ಕಂಡೆ. ಮೂರು ಕ್ವಾಣೆ ಬರ್ತವೆ ಅನ್ಕಂಡೆ."

ನ್ಯಾಯಾಲಯದಲ್ಲಿ ಅದನ್ನೇಕೆ ಹೇಳಲಿಲ್ಲವೆಂದು ಕೇಳಿದೆ. ಅವಳ ಹೆಸರನ್ನು ಹೇಳಿದರೆ ಪೆನ್ಸಿಲ್ಲಿನ ವಿಷಯ ಹೇಳಬೇಕು. ಅದನ್ನು ಹೇಳಿದರೆ ಉಳಿದ ಹದಿನಾರು ಮಕ್ಕಳೂ ಓದಿಯೇ ಇಲ್ಲವೆಂದು ತಳ್ಳಿಹಾಕುತ್ತಾರೆ ಎಂಬ ಭಯ ಅವರದು. ಮೇಲ್ಮನವಿಯನ್ನೇಕೆ ಹಾಕಲಿಲ್ಲವೆಂದದ್ದಕ್ಕೆ "ಹಾಕಿದ್ರೆ ಮತ್ತೆ ಸುಳ್ಳು ಹೇಳ್ಬೇಕಲ್ಲವ್ವ" ಎಂದರು. ಯಾವ ಸುಳ್ಳು ಎಂಬುದನ್ನು ಹೇಳಲಿಲ್ಲ. ಸಮಯ ಮುಗಿಯಿತು.

ಇನ್ನೊಂದು ಸಂಗತಿ. ಏಳನೆಯ ತರಗತಿಯ ವಾರ್ಷಿಕ ಪರೀಕ್ಷೆಯಲ್ಲಿ ಯಶೋದಾಗೆ ನನಗಿಂತ ಹನ್ನೊಂದು ಅಂಕ ಹೆಚ್ಚು ಬಂದಿತ್ತು. ಫಲಿತಾಂಶದ ವಾರ ಅವಳು ಮಂದೆಯ ಜೊತೆಗಿದ್ದಳು. ಓದು ಮುಂದುವರಿಸುವವರಿಗೇ ಕೊಡಬೇಕೆಂಬ ನಿಯಮದಂತೆ ವಿದ್ಯಾರ್ಥಿವೇತನ ಎರಡನೆಯವಳಿಗೆ ಬಂತು. ನಾನು ಎರಡನೆಯವಳು. ಹತ್ತು ಪತ್ರಗಳಲ್ಲಿ ತಮಗೆ ಇದನ್ನು ಬರೆಯಲಿಲ್ಲ. ಹನ್ನೊಂದು ಅಂಕಗಳನ್ನು ನಾನು ಒಂದು ದಿನವೂ ಮರೆತಿರಲಿಲ್ಲ.

ತಮಗೆ ಆಶ್ಚರ್ಯವಾಗಬಹುದು, ಯಶೋದಾ ಮನವಿಗೆ ಸಹಿ ಹಾಕಿದ್ದಾಳೆ. "ಅವ್ರು ಒಳಗೆ ಹೋದ್ರೆ ನನ್ ಹೆಸ್ರು ವಾಪಸ್ ಬರ್ತೈತಾ? ಹೊರಗಿದ್ರೂ ಬರಲ್ಲ. ನಂಗೇನು" ಎಂದಳು. ಆದರೆ ಹಾನಿಯಾಗಿಲ್ಲವೆಂಬ ನನ್ನ ವಾಕ್ಯದ ಮೇಲೆ ಗೆರೆ ಎಳೆದು, ತನ್ನ ಸಹಿಯ ಪಕ್ಕದಲ್ಲಿ ಹೀಗೆ ಬರೆದಿದ್ದಾಳೆ: "ನಾನು ಕರಿಸಿದ್ದಪ್ಪನ ಮಗಳು ಯಶೋದಾ. ಈ ಶಾಲೆಯಲ್ಲಿ ಒಂದರಿಂದ ಏಳರವರೆಗೆ ಓದಿದ್ದೇನೆ. ನಲವತ್ತಮೂರನೆಯ ಸಾಲು ನನ್ನದು."

ಆ ಸಾಲಿನಲ್ಲಿ ಹೆಸರಿತ್ತು, ಅದನ್ನು ಅಳಿಸಲಾಯಿತು ಎಂದು ತಾವು ಅಫಿಡವಿಟ್ ಮೂಲಕ ನ್ಯಾಯಾಲಯಕ್ಕೆ ತಿಳಿಸಿದರೆ ಅವಳ ಅರ್ಜಿ ಉಳಿಯುತ್ತದೆ. ಹಾಗೆ ಮಾಡುವಿರಾ?

ಬೃಂದಾ


ಬೆಂಗಳೂರು
9 ಮಾರ್ಚ್ 2025

ಬೃಂದಾ,

ಇದನ್ನು ಬರೆಯಬಾರದು ಅಂತ ಗೊತ್ತಿದ್ದೂ ಬರೆಯುತ್ತಿದ್ದೇನೆ. ನೀನು ಹನ್ನೊಂದು ಅಂಕದ ವಿಷಯ ಬರೆಯದೇ ಇದ್ದಿದ್ದರೆ ನಾನೂ ಬರೆಯುತ್ತಿರಲಿಲ್ಲವೇನೋ.

ಆ ದಿನ ನಾನೇ ಶಾಲೆಗೆ ಬಂದಿದ್ದೆ. ಕೊರೊನಾ ಕಾಲ, ಮಕ್ಕಳಿರಲಿಲ್ಲ. ಮುಖಕ್ಕೆ ಮಾಸ್ಕ್ ಇತ್ತು, ಯಾರೂ ಗುರುತು ಹಿಡಿಯಲಿಲ್ಲ. ಜೀವನದಲ್ಲಿ ಮೊದಲ ಸಲ ಅದು ಒಳ್ಳೆಯದೇ ಆಯಿತು ಅನ್ನಿಸಿತ್ತು. ಮೇಷ್ಟ್ರು ಪುಸ್ತಕ ತೆರೆದು, "ಇವ್ಳೊಬ್ಳು ಕುರಿಯೋರ ಹುಡುಗಿ, ಐದು ವರ್ಷದಿಂದ ಬಂದಿಲ್ಲ" ಅಂದರು. ರಬ್ಬರ್ ಕೈಗೆ ತಗೊಂಡರು. ಒಂದು ಅಕ್ಷರ ಅಳಿಸುವುದು, ನಿಲ್ಲಿಸುವುದು. ಡ್ರೈವರ್ ಹೊರಗೆ ಎರಡು ಸಲ ಹಾರ್ನ್ ಹೊಡೆದ. ನಾನು ರಬ್ಬರ್ ಕಿತ್ತುಕೊಂಡು ನಾನೇ ಅಳಿಸಿದೆ. ಯಶೋದಾ ಅನ್ನುವುದನ್ನು ಓದಿಕೊಂಡೇ ಅಳಿಸಿದೆ. ಕೋರ್ಟಿನಲ್ಲಿ ಮೇಷ್ಟ್ರು, "ಪುಸ್ತಕ ಮುಟ್ಟಿದ್ದು ನಾನೊಬ್ಬನೇ" ಅಂತ ಹೇಳಿಬಿಟ್ಟರು. ನಾನು ಹೇಳಿಸಲಿಲ್ಲ. ಅಲ್ಲ ಅಂತಲೂ ಅನ್ನಲಿಲ್ಲ. ಯಾವುದು ಅಂತ ಮೇಷ್ಟ್ರು ನಿನಗೆ ಹೇಳದ ಆ ಸುಳ್ಳು ಇದೇ ಇರಬೇಕು.

ಈಗ ನೀನು ಕಾನೂನು ಓದಿದವಳಾಗಿ ಯೋಚಿಸು. ಇದನ್ನು ನಾನು ಹದಿನೇಳಕ್ಕೆ ಮುಂಚೆ ಹೇಳಿದರೆ ಬಾಂಡೂ ಇಲ್ಲ, ಏನೂ ಇಲ್ಲ, ಸೀದಾ ಒಳಗೆ. ನನಗೆ ಐವತ್ತೆರಡು. ಬಾಗಿಲು ಮುಚ್ಚಿದ ಲಿಫ್ಟಿನಲ್ಲೂ ನನಗೆ ಉಸಿರು ಕಟ್ಟುತ್ತದೆ. ನಾನು ಒಳಗೆ ಹೋದರೆ ದಿವ್ಯಾ ಅನ್ನ ಬಿಡುತ್ತಾಳೆ. ಟಿವಿಯವರಿಗೆ ಒಂದು ಫೋಟೋ ಸಿಗುತ್ತದೆ. ಯಶೋದಾಗೆ ಏನು ಸಿಗುತ್ತದೆ? ಅವಳೇ ಕೇಳಿದ್ದಾಳಲ್ಲ ಅದನ್ನ. ನಿನಗಿಂತ ಅವಳೇ ಬುದ್ಧಿವಂತೆ.

ಹೀಗೆ ಮಾಡೋಣ. ಹೊಸ ಹಾಳೆಯಲ್ಲಿ ಮನವಿ ಬರೆ, ಅವಳ ಮೂರು ವಾಕ್ಯ ಬೇಡ. ಮೇಲೆ ನಿನ್ನ ಸಹಿ ಹಾಕು. ತೀರ್ಪು ಬಂದ ಮೇಲೆ ಅವಳ ಹೆಸರಿಗೆ ಏನು ಬರೆದುಕೊಡಬೇಕೋ ಬರೆದುಕೊಡುತ್ತೇನೆ, ನನ್ನ ಮಗಳ ಮೇಲಾಣೆ. ಅಂಗನವಾಡಿ ಯಾಕೆ, ಅದಕ್ಕಿಂತ ಒಳ್ಳೆಯ ಕೆಲಸವನ್ನೇ ಕೊಡಿಸುತ್ತೇನೆ. ಜೂನಿಗೆ ನೀನು ಬೆಂಗಳೂರಿಗೆ ಬಾ. ಈ ಕಾಗದ ಓದಿದ ಮೇಲೆ ಹರಿದುಹಾಕು.

ನನ್ನನ್ನು ಅಮ್ಮ ಅಂತ ಬರೆಯುತ್ತಿದ್ದೆ. ಹೋದ ಸಲ ಬರೆದಿಲ್ಲ, ಗಮನಿಸಿದೆ.

ಹೇಮಾವತಿ


ಹಿರಿಯೂರು
13 ಮಾರ್ಚ್ 2025

ಹೇಮಾವತಿಯವರಿಗೆ,

ತಮ್ಮ ಪತ್ರ ಮಂಗಳವಾರ ತಲುಪಿತು. ಅಂದೇ ಅದನ್ನು ಹಟ್ಟಿಗೆ ಒಯ್ದು ಯಶೋದಾಗೆ ಓದಿ ಹೇಳಿದೆ. ಅಳಿಸಿದವರು ಯಾರೆಂಬ ಭಾಗ ಬಂದಾಗ ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. ಕೊನೆಯವರೆಗೆ ಕೇಳಿ, "ತೀರ್ಪು ಬಂದ ಮ್ಯಾಲೆ ಅಂತಾರೆ. ನನ್ ಅರ್ಜಿ ಮೂವತ್ತೊಂದಕ್ಕೆ" ಎಂದಳು. ರೊಟ್ಟಿ ಮಗುಚಿ ಹಾಕಿ, "ಆ ಹುಡ್ಗಿ ಊಟ ಮಾಡ್ತಾಳಂತಾ?" ಎಂದು ಕೇಳಿದಳು. ನನಗೆ ತಿಳಿಯದೆಂದೆ.

ನಿನ್ನೆ ಬೆಳಿಗ್ಗೆ ಜಂಪಣ್ಣ ಮೇಷ್ಟ್ರನ್ನು ಮತ್ತೆ ಕಂಡೆ. ತಮ್ಮ ಪತ್ರದಲ್ಲಿದ್ದುದನ್ನು ಹೇಳಿದೆ. ಅವರು ಕಾಗದ ತರಿಸಿಕೊಂಡು, ಪೆನ್ಸಿಲ್ಲಿನಲ್ಲಿ ಬರೆದಿದ್ದ ಹದಿನೇಳು ಮಕ್ಕಳ ಹೆಸರುಗಳನ್ನೂ ತಂದೆಯರ ಹೆಸರುಗಳನ್ನೂ ಸೇರಿದ ವರ್ಷಗಳನ್ನೂ ಒಂದನ್ನೂ ತಡವರಿಸದೆ ಬರೆದು ಸಹಿ ಮಾಡಿದರು. ಹದಿನಾರು ಮಕ್ಕಳ ಕಥೆ ಏನಾಗುವುದೆಂದು ನಾನು ಕೇಳಿದೆ. "ನಾನು ಮುಚ್ಚಿಟ್ಟು ಉಳಿಸ್ದೆ ಅನ್ಕಂಡಿದ್ದೆ. ಒಬ್ಳು ಹೋಗಿದ್ದು ಹಂಗೇ ಅಲ್ಲೇನವ್ವ. ಇನ್ನು ಅವ್ರ ಪರ ನೀನು ನಿಂತ್ಕ" ಎಂದರು.

ಇಂದು ಯಶೋದಾ, ನಾನು ಇಬ್ಬರೂ ಹಿರಿಯೂರಿನ ಶಿಕ್ಷಣಾಧಿಕಾರಿಗಳ ಕಚೇರಿಗೆ ಬಂದು ಆ ಹೇಳಿಕೆಯನ್ನೂ ಅವಳ ಅರ್ಜಿಯನ್ನೂ ಕೊಟ್ಟು ಸ್ವೀಕೃತಿ ಪಡೆದಿದ್ದೇವೆ. ವಿಚಾರಣೆ ನಡೆಸಿ ತಿಳಿಸುವುದಾಗಿ ಹೇಳಿದ್ದಾರೆ. ಮಾರ್ಚ್ 31ರೊಳಗೆ ತಿಳಿಸುವರೆಂಬ ಭರವಸೆ ಸಿಕ್ಕಿಲ್ಲ. ಯಶೋದಾ ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದಾಳೆ, ಸಂಜೆಯವರೆಗೂ ಕೂರುತ್ತಾಳಂತೆ. ನಾನು ಎದುರಿನ ಅಂಚೆ ಕಚೇರಿಯ ಬೆಂಚಿನ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಮನವಿಯ ಮೂಲ ಹಾಳೆಗಳನ್ನು, ಮುನ್ನೂರ ಎಂಬತ್ತಾರು ಜನರ ಸಹಿ ಮತ್ತು ಹೆಬ್ಬೆಟ್ಟುಗಳೊಂದಿಗೆ, ಯಶೋದಾ ಬರೆದದ್ದನ್ನು ಬರೆದಂತೆಯೇ ಉಳಿಸಿ, ತಮ್ಮ ವಕೀಲರಿಗೆ ಇದೇ ಅಂಚೆಯಲ್ಲಿ ಕಳುಹಿಸುತ್ತಿದ್ದೇನೆ. ಜನ ತಮಗಾಗಿ ಹಾಕಿದ ಸಹಿಗಳನ್ನು ನಾನು ಇಟ್ಟುಕೊಳ್ಳುವುದು ಸರಿಯಲ್ಲ. ಪ್ರತಿಯೊಂದು ಹಾಳೆಯ ನಕಲೂ ನನ್ನಲ್ಲಿದೆ.

ಹೊಸ ಮನವಿಯನ್ನು ಬರೆಯುವುದಿಲ್ಲ. ತಮ್ಮ ಪತ್ರವನ್ನು ಹರಿಯುವುದಿಲ್ಲ. ಜೂನಿನಲ್ಲಿ ಬೆಂಗಳೂರಿಗೆ ಬರುವುದಿಲ್ಲ. ಮನವಿಗೆ ನಾನು ಸಹಿ ಹಾಕುವುದಿಲ್ಲ.